ಓದುಗರ ಪ್ರಶ್ನೆ: ಮನೆಯ ಮರಗೆಲಸಕ್ಕೆ ಎಂಥ ಜಿಗ್‌ಸಾ?

ಪ್ರಶ್ನೆ: ನಿವೃತ್ತಿಯ ನಂತರ ಮನೆಯ ಹಿತ್ತಿಲ ಕೋಣೆಯಲ್ಲಿ ಸಣ್ಣಪುಟ್ಟ ಮರಗೆಲಸ ಆರಂಭಿಸಿದ್ದೇನೆ. ಗಣೇಶ ಚವತಿಗೆ 12 ಮಿ.ಮೀ. ಪ್ಲೈವುಡ್‌ನಲ್ಲಿ ಕಮಾನಿನ ಮಂಟಪ ಮಾಡಬೇಕೆಂದಿದೆ. ಪರಿಚಯದವರ ಜಿಗ್‌ಸಾ (ಸಣ್ಣ ಅಲಗು ಮೇಲೆ ಕೆಳಗೆ ಆಡುತ್ತ ಕತ್ತರಿಸುವ ಕೈಯಂತ್ರ) ತಂದು ಕತ್ತರಿಸಿದಾಗ ಮೇಲಿನ ಪದರ ಚಕ್ಕೆಯೆದ್ದಿತು, ತಿರುವಿನಲ್ಲಿ ಅಂಚು ಓರೆಯಾಯಿತು. ಹೆಚ್ಚು ವ್ಯಾಟಿನ ಯಂತ್ರ ಕೊಂಡರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನೀವು ಹೇಳಿದ ಎರಡು ದೋಷಗಳಲ್ಲಿ ಒಂದಕ್ಕೂ ವ್ಯಾಟಿಗೂ ಸಂಬಂಧವಿಲ್ಲ. 12 ಮಿ.ಮೀ. ಪ್ಲೈವುಡ್‌ಗೆ 500-600 ವ್ಯಾಟಿನ ಯಂತ್ರ ಧಾರಾಳವಾಯಿತು. ಅಂಚು ಓರೆಯಾಗುವ ಕಾರಣ ಈ ಯಂತ್ರದ ಹುಟ್ಟಿನಲ್ಲೇ ಇದೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲ್ಲಾ ಕಂಪನಿಯಲ್ಲಿದ್ದ ಆಲ್ಬರ್ಟ್ ಕೌಫ್‌ಮನ್ ಅವರು ಮನೆಯ ಹೊಲಿಗೆ ಯಂತ್ರದ ಸೂಜಿ ತೆಗೆದು ಅಲ್ಲಿ ಗರಗಸದ ಅಲಗು ಕೂರಿಸಿದ್ದರಿಂದ ಜಿಗ್‌ಸಾ ರೂಪುಗೊಂಡಿತು. ಸೂಜಿಗಿದ್ದಂತೆ ಅದರ ಬ್ಲೇಡಿಗೂ ಹಿಡಿತವಿರುವುದು ಮೇಲ್ತುದಿಯಲ್ಲಿ ಮಾತ್ರ. ಕೆಳತುದಿಗೆ ಯಾವ ಆಧಾರವೂ ಇಲ್ಲದ ಕಾರಣ, ತಿರುವಿನಲ್ಲಿ ಯಂತ್ರವನ್ನು ಪಕ್ಕಕ್ಕೆ ಒತ್ತಿದಷ್ಟೂ ಬ್ಲೇಡ್ ಬಾಗಿ, ಹಲಗೆಯ ಮೇಲ್ಮುಖದಲ್ಲಿ ಗೆರೆಯ ಮೇಲೆಯೇ ಇದ್ದರೂ ಕೆಳಮುಖದಲ್ಲಿ ದಾರಿ ತಪ್ಪಿರುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಮೂಲೆಮಟ್ಟವಿರಲಿ. ಪ್ಲಗ್ ತೆಗೆದ ಯಂತ್ರಕ್ಕೆ ಬ್ಲೇಡ್ ಹಾಕಿಸಿ, ಅದನ್ನು ಬೆರಳಿನಿಂದ ಎಡಬಲಕ್ಕೆ ಮೆಲ್ಲನೆ ಅಲುಗಿಸಿ ನೋಡಿ. ಬ್ಲೇಡ್ ಹಿಡಿಯುವ ದಂಡವೇ ಸಡಿಲವಾಗಿ ಆಡಿದರೆ ಆ ಯಂತ್ರ ಬೇಡ. ಬ್ಲೇಡಿನ ಬೆನ್ನಿಗೆ ತಾಗುವ ಪುಟ್ಟ ಗಾಲಿ ನೇರವಾಗಿ ಕೂತಿದೆಯೇ ಎಂಬುದನ್ನೂ, ಬೇಸ್ ಪ್ಲೇಟಿಗೆ (ಹಲಗೆಯ ಮೇಲೆ ಕೂರುವ ಯಂತ್ರದ ತಳಕ್ಕೆ) ಮೂಲೆಮಟ್ಟ ಇಟ್ಟಾಗ ಬ್ಲೇಡಿಗೂ ಅದಕ್ಕೂ ನಡುವೆ ಬೆಳಕು ಕಾಣುತ್ತದೆಯೇ ಎಂಬುದನ್ನೂ ಗಮನಿಸಿ. ಅಗ್ಗದ ಯಂತ್ರಗಳಲ್ಲಿ ಈ ಪ್ಲೇಟ್ ತೆಳು ತಗಡಿನದಾಗಿದ್ದು, ಒಮ್ಮೆ ಕೈಜಾರಿ ಬಿದ್ದರೆ ಸೊಟ್ಟಗಾಗುತ್ತದೆ. ಹೆಚ್ಚಿನ ಹಣವನ್ನು ದಪ್ಪನೆಯ ಅಲ್ಯೂಮಿನಿಯಂ ಪ್ಲೇಟಿಗೆ ಕೊಡುವುದು ಲೇಸು. ವೇಗ ಬದಲಿಸುವ ಸೌಲಭ್ಯವಿರಲಿ. ಟಿ-ಶ್ಯಾಂಕ್ ಬ್ಲೇಡ್ (ಯಂತ್ರಕ್ಕೆ ಸಿಕ್ಕಿಸುವ ತುದಿ ಇಂಗ್ಲಿಷಿನ T ಆಕಾರದಲ್ಲಿರುವಂಥದ್ದು) ಹಿಡಿಯುವ ಯಂತ್ರವನ್ನೇ ಕೊಳ್ಳಿ, ಏಕೆಂದರೆ ಈಗ ಒಳ್ಳೆಯ ಬ್ಲೇಡುಗಳು ಹೆಚ್ಚಾಗಿ ಆ ನಮೂನೆಯಲ್ಲೇ ದೊರೆಯುತ್ತವೆ. ಲೇಸರ್ ಗೆರೆ, ಎಲ್‌ಇಡಿ ದೀಪಗಳಿಗೆ ಮರುಳಾಗುವ ಅಗತ್ಯವಿಲ್ಲ.

ನನ್ನ ಅನುಮಾನ ಮುಖ್ಯವಾಗಿ ನೀವು ಬಳಸಿದ ಬ್ಲೇಡಿನ ಮೇಲಿದೆ. ಯಂತ್ರದೊಂದಿಗೆ ಪುಕ್ಕಟೆಯಾಗಿ ಬರುವ ಬ್ಲೇಡ್ ಸಾಮಾನ್ಯವಾಗಿ ಒರಟು ಕೆಲಸಕ್ಕೆ ಸರಿ. ನೇರ ಅಂಚಿಗೆ ಟಿ101ಬಿ ಎಂಬ ಸಂಖ್ಯೆಯ ಬ್ಲೇಡ್, ಕಮಾನಿನ ತಿರುವಿಗೆ ಅದಕ್ಕಿಂತ ಕಿರಿದಾದ, ಸಣ್ಣ ಹಲ್ಲಿನ ಟಿ101ಎಒ ಕೊಳ್ಳಿ. ಅಗಲ ಬ್ಲೇಡ್ ಬಿಗಿಯಾದ ತಿರುವಿನಲ್ಲಿ ಹೊರಳಲಾರದೆ ಮರವನ್ನು ಸುಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊರಗಿಟ್ಟ ಬ್ಲೇಡಿಗೆ ಬೇಗನೆ ತುಕ್ಕು ಹಿಡಿಯುವುದರಿಂದ, ತೆಳುವಾಗಿ ಎಣ್ಣೆ ಸವರಿ ಡಬ್ಬಿಯಲ್ಲಿಡಿ. ಬ್ಲೇಡನ್ನು ಮುಂದಕ್ಕೂ ಹಿಂದಕ್ಕೂ ತೂಗಾಡಿಸುವ ಪೆಂಡುಲಂ ಗುಂಡಿ 0ಯಲ್ಲಿರಲಿ. 3ಕ್ಕೆ ತಿರುಗಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅಂಚು ಹಾಳಾಗುತ್ತದೆ.

ಇನ್ನು ಚಕ್ಕೆಯ ವಿಷಯ. ಸಾಮಾನ್ಯ ಬ್ಲೇಡಿನ ಹಲ್ಲುಗಳು ಮೇಲ್ಮುಖವಾಗಿದ್ದು, ಮೇಲೇಳುವಾಗಲೇ ಕತ್ತರಿಸುತ್ತವೆ. ಹಾಗಾಗಿ ಕಿತ್ತು ಬರುವುದು ಯಾವಾಗಲೂ ನಿಮ್ಮ ಕಣ್ಣೆದುರಿನ ಪದರವೇ. ಪ್ಲೈವುಡ್‌ನ ಚಂದದ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಲ್ಲಿ ಗೆರೆ ಎಳೆಯಿರಿ. ಹಲಗೆಯನ್ನು ಮೇಜಿಗೆ ಎರಡು ಕಡೆ ಕ್ಲ್ಯಾಂಪ್ ಹಾಕಿ ಬಿಗಿದು, ಬ್ಲೇಡ್ ಸಾಗುವ ದಾರಿಯ ಕೆಳಗೆ ಮೇಜಾಗಲಿ ವೈರಾಗಲಿ ಇಲ್ಲವೆಂದು ಬಗ್ಗಿ ನೋಡಿ, ಕಣ್ಣಿನ ರಕ್ಷಣೆಯ ಕನ್ನಡಕ ಧರಿಸಿ, ಬ್ಲೇಡ್ ಪೂರ್ಣ ವೇಗಕ್ಕೆ ಬಂದ ಮೇಲೆಯೇ ಅದನ್ನು ಮರಕ್ಕೆ ತಾಗಿಸಬೇಕು. ಗೆರೆಯ ಹೊರಗೆ ಒಂದು ಮಿ.ಮೀ. ಉಳಿಸಿಕೊಂಡು ಹೋಗಿ, ಆ ಉಳಿಕೆಯನ್ನು ಮರದ ತುಂಡಿಗೆ ಸುತ್ತಿದ ಪಾಲಿಶ್ ಕಾಗದದಿಂದ ತಿಕ್ಕಿ ಗೆರೆಗೆ ತಂದರೆ ಕಮಾನು ದುಂಡಗೆ ಕೂರುತ್ತದೆ. ಒಳಗಿನ ಕಿಂಡಿಗಳಿಗೆ ಮೊದಲು 10 ಮಿ.ಮೀ. ರಂಧ್ರ ಕೊರೆದು, ಬ್ಲೇಡನ್ನು ಅಲ್ಲಿಂದ ಇಳಿಸಬೇಕು. ಬ್ಲೇಡ್ ತಾನಾಗಿ ಸಾಗುವಷ್ಟೇ ನಿಧಾನವಾಗಿ ತಳ್ಳಿ. ಒತ್ತಡ ಹಾಕಬೇಕೆನಿಸಿದರೆ ಬ್ಲೇಡ್ ಮೊಂಡಾಗಿದೆ ಎಂದೇ ತಿಳಿಯಿರಿ. ಕೆಲಸ ಮುಗಿದೊಡನೆ ಬರಿಗೈಯಿಂದ ಅದನ್ನು ಬಿಚ್ಚಲು ಹೋಗಬೇಡಿ, ಚುರುಕೆನ್ನುವಷ್ಟು ಕಾದಿರುತ್ತದೆ.

ಪ್ರಶ್ನೆ: ಹಳೆಯ ಮನೆ ಕೆಡವಿದಾಗ ಸಿಕ್ಕ ಮೂರು ಇಂಚು ದಪ್ಪದ ಸಾಗವಾನಿ ತೊಲೆಯನ್ನು ಜಿಗ್‌ಸಾದಿಂದ ಉದ್ದಕ್ಕೆ ಸೀಳಬಹುದೇ?
– ಓದುಗರು, ಗದಗ

ಉತ್ತರ: ಬೇಡ. ಉದ್ದನೆಯ ಬ್ಲೇಡ್ ಹಾಕಿದರೂ ಅಷ್ಟು ದಪ್ಪದಲ್ಲಿ ಅದು ನೇರವಾಗಿ ನಡೆಯುವುದಿಲ್ಲ, ಮೋಟರ್ ಕಾಯುವುದು ಬೇರೆ. ತೊಲೆಯನ್ನು ಸಾ ಮಿಲ್ಲಿಗೆ ಒಯ್ದು ಸೀಳಿಸಿ. ಒಯ್ಯುವ ಮುನ್ನ ನಾಲ್ಕೂ ಬದಿಗೆ ಅಯಸ್ಕಾಂತ ಆಡಿಸಿ ಹಳೆಯ ಮೊಳೆಗಳನ್ನೆಲ್ಲ ಕಿತ್ತುಹಾಕಿ. ಮೊಳೆಯಿರುವ ಮರವನ್ನು ಮಿಲ್ಲಿನವರು ಯಂತ್ರಕ್ಕೆ ಕೊಡಲು ಒಪ್ಪುವುದು ಕಷ್ಟ. ಸೀಳಿ ಬಂದ ತೆಳು ಹಲಗೆಗಳಲ್ಲಿ ತಿರುವು ಕತ್ತರಿಸಲು ಮಾತ್ರ ಜಿಗ್‌ಸಾ ಬಳಸಿಕೊಳ್ಳಿ.