ಮೂತ್ರದ ಸೋಂಕಿನ ಜ್ವರ ಇಳಿದ ಮೇಲೆ ಕಣ್ಣು ಕೆಂಪಾಗಿ ಮಂಜಾದರೆ?

ನಿಮ್ಮ ಪ್ರಶ್ನೆ ಇದು: ತಂದೆಯವರಿಗೆ ಶುಗರ್ ಇದೆ. ಮೂತ್ರದ ಸೋಂಕಿಗೆ ಮುಧೋಳದಲ್ಲಿ ಅಡ್ಮಿಟ್ ಮಾಡಿ ಒಂದು ವಾರ ಸಲಾಯನ್ ಹಚ್ಚಿದ್ದರು. ಮನೆಗೆ ಬಂದ ಮೇಲೆ ಎಡಗಣ್ಣು ಕೆಂಪಾಗಿ ಮಂಜಾಗಿದೆ. ಮೆಡಿಕಲ್ ಅಂಗಡಿಯವರು ಕಣ್ಣು ಬಂದಿದೆ ಎಂದು ಡ್ರಾಪ್ಸ್ ಕೊಟ್ಟಿದ್ದಾರೆ. ಮೂತ್ರದ ಸೋಂಕು ಕಣ್ಣಿಗೂ ಹೋಗುತ್ತದೆಯೇ?

ಹೋಗುತ್ತದೆ. ಅಪರೂಪವೇ, ಆದರೆ ನೀವು ಹೇಳಿದ ಲಕ್ಷಣಗಳಿಗೆ ಮೊದಲು ಅನುಮಾನ ಪಡಬೇಕಾದದ್ದು ಅದನ್ನೇ. ಇಂದೇ ತೋರಿಸಿ. ಸೋಮವಾರ ನೋಡೋಣ ಅನ್ನುವಂಥದ್ದಲ್ಲ ಇದು.

ಕಣ್ಣು ಬಂದಾಗ ಪಿಸುರು ಕಟ್ಟುತ್ತದೆ, ರೆಪ್ಪೆ ಅಂಟುತ್ತದೆ, ಒರೆಸಿದರೆ ಮತ್ತೆ ಸರಿಯಾಗಿ ಕಾಣುತ್ತದೆ. ಒಳಗಿನ ಸೋಂಕಿನಲ್ಲಿ ಎಷ್ಟು ಒರೆಸಿದರೂ ಮಂಜು ಹೋಗುವುದಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ, ಆಮೇಲೆ ಎಡಗಣ್ಣು ಮುಚ್ಚಿಸಿ ಓದಿಸಿ. ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಟಾರ್ಚ್ ಬಿಟ್ಟಾಗ ಕರಿಗುಡ್ಡೆಯ ತಳದಲ್ಲಿ ಬಿಳಿಯ ಗೆರೆಯಂತೆ ಕೀವು ನಿಂತದ್ದು ಕಂಡರೆ ಅನುಮಾನವೇ ಬೇಡ. ಆದರೆ ಅದು ಕಾಣದಿದ್ದರೆ ಸೋಂಕಿಲ್ಲ ಅಂತ ಅಲ್ಲ. ಫಂಗಸ್ ಆಗಿದ್ದರೆ ನೋವು ತೀರಾ ಕಡಿಮೆ ಇರಬಹುದು, ಕಣ್ಣ ಮುಂದೆ ಕಪ್ಪು ಚುಕ್ಕೆ ಓಡಾಡುವುದಷ್ಟೇ ಇರುತ್ತದೆ. ಅದು ಸಲಾಯನ್ ತೆಗೆದು ವಾರಗಳಾದ ಮೇಲೂ ಕಾಣಿಸಿಕೊಳ್ಳಬಹುದು.

ಇದು ಆಗುವ ಬಗೆ ಹೀಗೆ. ಮೂತ್ರಪಿಂಡ, ಲಿವರ್‌ನ ಕೀವುಗಡ್ಡೆ, ಹೃದಯದ ಕವಾಟ, ಬಹಳ ದಿನ ಬಿಟ್ಟ ಕ್ಯಾತಿಟರ್ (ಮೂತ್ರದ ನಳಿಕೆ), ಶುಚಿಯಿಲ್ಲದ ಸಲಾಯನ್, ಇವುಗಳಲ್ಲಿ ಎಲ್ಲಿಂದಲಾದರೂ ಕ್ರಿಮಿ ರಕ್ತಕ್ಕೆ ಸೇರಿ, ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಒಳಗೆ ಇಳಿಯುತ್ತದೆ. ಅಲ್ಲಿ ಸುಮಾರು 4 ಮಿ.ಲೀ. ಲೋಳೆ ತುಂಬಿದೆ. ಆ ಲೋಳೆಯೊಳಗೆ ರಕ್ತನಾಳವೇ ಇಲ್ಲ, ಹಾಗಾಗಿ ಕ್ರಿಮಿಗೆ ಅಡ್ಡಿಯೇ ಇಲ್ಲ. ರಕ್ತನಾಳಕ್ಕೆ ಕೊಟ್ಟ ಎಷ್ಟೋ ಔಷಧಗಳು ಅಲ್ಲಿಗೆ ಸಾಕಾಗುವಷ್ಟು ಮುಟ್ಟುವುದೂ ಇಲ್ಲ. ಜ್ವರ ಇಳಿದು ಮೂತ್ರ ಸರಿಹೋದರೂ ಕಣ್ಣು ಕೆಡುವುದು ಇದಕ್ಕೇ. ಹೊರಗಿನಿಂದ ಹಾಕುವ ಡ್ರಾಪ್ಸೂ ಅಷ್ಟು ಆಳಕ್ಕೆ ಹೋಗುವುದಿಲ್ಲ.

ಆದ್ದರಿಂದ ಔಷಧವನ್ನು ಕಣ್ಣಿನೊಳಗೇ ಸೂಜಿಯಿಂದ ಕೊಡಬೇಕು. ಕೇಳಿದರೆ ಎದೆ ನಡುಗುತ್ತದೆ, ಆದರೆ ಮರಗಟ್ಟಿಸಿ ಕೊಡುತ್ತಾರೆ. ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿ.ಮೀ. ದೂರದಲ್ಲಿ ಸೂಜಿ ಹಾಕಿ ಮೊದಲು ಸ್ವಲ್ಪ ಲೋಳೆ ತೆಗೆದು, ಯಾವ ಕ್ರಿಮಿ ಎಂದು ಬೆಳೆಸಿ ನೋಡಲು ಕಲ್ಚರ್‌ಗೆ ಕಳಿಸುತ್ತಾರೆ. ನಂತರ ವ್ಯಾಂಕೊಮೈಸಿನ್ 1 ಮಿ.ಗ್ರಾಂ ಮತ್ತು ಸೆಫ್ಟಾಜಿಡಿಮ್ 2.25 ಮಿ.ಗ್ರಾಂ, ತಲಾ 0.1 ಮಿ.ಲೀ.ನಲ್ಲಿ. ಎರಡನ್ನೂ ಬೇರೆ ಬೇರೆ ಸಿರಿಂಜಿನಲ್ಲೇ ಕೊಡಬೇಕು, ಬೆರೆಸಿದರೆ ಗರಣೆ ಕಟ್ಟುತ್ತವೆ. ಫಂಗಸ್ ಅನುಮಾನವಿದ್ದರೆ ವೊರಿಕೊನಜೋಲ್ 100 ಮೈಕ್ರೊಗ್ರಾಂ, ಇಲ್ಲವೇ ಆಂಫೊಟೆರಿಸಿನ್. 48 ಗಂಟೆಯಲ್ಲಿ ಹಿಡಿತ ಸಿಗದಿದ್ದರೆ ಮತ್ತೊಮ್ಮೆ ಕೊಡಬೇಕಾಗಬಹುದು. ಕೀವು ಹೆಚ್ಚಿದ್ದರೆ ಲೋಳೆಯನ್ನೇ ತೆಗೆಯುವ ವಿಟ್ರೆಕ್ಟಮಿ ಆಪರೇಷನ್.

ಒಂದು ಗೊಂದಲ ಇಲ್ಲಿ ಆಗಾಗ ಆಗುತ್ತದೆ. ಮೋತಿಬಿಂದು ಆಪರೇಷನ್ ನಂತರ ಬರುವ ಸೋಂಕಿಗೆ ರಕ್ತನಾಳದ ಆಂಟಿಬಯಾಟಿಕ್‌ನಿಂದ ಹೆಚ್ಚಿನ ಲಾಭವಿಲ್ಲ ಎಂದು 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಆ ಲೆಕ್ಕ ಇಲ್ಲಿ ನಡೆಯದು. ಇಲ್ಲಿ ಮೂಲ ಬೇರೆಡೆ ಇದೆ, ಆದ್ದರಿಂದ ಕಣ್ಣಿನ ಸೂಜಿಯೂ ಬೇಕು, ರಕ್ತನಾಳದ ಔಷಧವೂ ಬೇಕು; ಅದೂ ವಾರಗಟ್ಟಲೆ. ಹಾಗಾಗಿ ಕಣ್ಣಿನ ಡಾಕ್ಟರ್ ಜೊತೆ ಫಿಜಿಷಿಯನ್ ಕೂಡ ಇರುವ ದವಾಖಾನೆಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ನಿಮಗೆ ಹತ್ತಿರ ಬಾಗಲಕೋಟೆ ನವನಗರ. ಆಗದಿದ್ದರೆ ಬೆಳಗಾವಿ ಅಥವಾ ವಿಜಯಪುರದ ಮೆಡಿಕಲ್ ಕಾಲೇಜು ದವಾಖಾನೆಗಳು. ಬಸ್ ಹತ್ತುವ ಮೊದಲು ಫೋನ್ ಮಾಡಿ ಎರಡೇ ಮಾತು ಕೇಳಿ: ಇವತ್ತು ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಡಾಕ್ಟರ್ ಇದ್ದಾರಾ? ಕಣ್ಣಿನೊಳಗೆ ಆಂಟಿಬಯಾಟಿಕ್ ಸೂಜಿ ಮಾಡುತ್ತೀರಾ? ಇಲ್ಲ ಎಂದರೆ ಮುಂದಿನ ಊರಿಗೆ ಹೊರಡಿ. ಒಂದು ರಾತ್ರಿ ಕಳೆದರೂ ದೃಷ್ಟಿ ಇನ್ನಷ್ಟು ಹೋಗಬಹುದು.

ಡಿಸ್ಚಾರ್ಜ್ ಕಾರ್ಡ್, ಯಾವ ಇಂಜೆಕ್ಷನ್ ಎಷ್ಟು ದಿನ ಕೊಟ್ಟರೆಂಬ ಚೀಟಿ, ಮೂತ್ರದ ಕಲ್ಚರ್ ರಿಪೋರ್ಟ್, ಈಗ ಹಾಕುತ್ತಿರುವ ಡ್ರಾಪ್ಸ್ ಬಾಟಲಿ, ಬಿಪಿಎಲ್ ಕಾರ್ಡ್, ಆಧಾರ್ ಎಲ್ಲ ಒಯ್ಯಿರಿ. ಕಣ್ಣು ನೋಡುವವರಿಗೆ ‘ಕಣ್ಣು ಕೆಂಪಾಗಿದೆ’ ಎಂದಷ್ಟೇ ಹೇಳಬೇಡಿ. ಜ್ವರ, ಸಲಾಯನ್, ಕ್ಯಾತಿಟರ್, ಶುಗರ್ ಎಲ್ಲ ಮೊದಲೇ ಹೇಳಿ. ಇದನ್ನು ಸಾದಾ ಉರಿಯೂತ ಎಂದು ತಿಳಿದು ಬರೀ ಸ್ಟಿರಾಯ್ಡ್ ಹನಿ ಬರೆಯುವುದು ಹೊಸದಲ್ಲ. ಅಂಗಡಿಯ ಬಾಟಲಿಯ ಮೇಲೂ ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದ್ದರೆ ಡಾಕ್ಟರ್ ನೋಡುವವರೆಗೆ ಹಾಕಬೇಡಿ. ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ, ಒಳಗೆ ಕ್ರಿಮಿ ಬೆಳೆಯುತ್ತಲೇ ಇರುತ್ತದೆ. ಶುಗರಿನ ಗುಳಿಗೆ, ಇನ್ಸುಲಿನ್ ಮಾತ್ರ ನಿಲ್ಲಿಸಬೇಡಿ.

ಅಲ್ಲಿ ಹಿಂಭಾಗ ಕಾಣದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡುತ್ತಾರೆ. ರಕ್ತದ ಕಲ್ಚರ್ ಹೊಸ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆದರೆ ಒಳ್ಳೆಯದು. ಹೊಟ್ಟೆಯ ಸ್ಕ್ಯಾನ್, ಹೃದಯದ ಎಕೋ ಬರೆದುಕೊಟ್ಟರೆ ‘ಕಣ್ಣಿಗೆ ಬಂದರೆ ಹೊಟ್ಟೆ ಯಾಕೆ’ ಎಂದು ಜಗಳ ತೆಗೆಯಬೇಡಿ. ಶುಗರ್ ಇರುವವರಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಕ್ರಿಮಿ ಲಿವರ್‌ನಲ್ಲಿ ಸದ್ದಿಲ್ಲದೆ ಗಡ್ಡೆ ಕಟ್ಟಿ, ಮೊದಲು ಕಣ್ಣಿನಲ್ಲೇ ತೋರಿಸಿಕೊಳ್ಳುವುದುಂಟು. ಬಲಗಣ್ಣನ್ನೂ ಹನಿ ಹಾಕಿ ಅಗಲಿಸಿ ನೋಡಿಸಿ, ಎರಡಕ್ಕೂ ಬರುವುದು ಅಷ್ಟೇನೂ ವಿರಳವಲ್ಲ.

ಇನ್ನೊಂದು: ರೆಪ್ಪೆ ಊದಿ, ಗುಡ್ಡೆ ತಿರುಗದೆ, ಕೆನ್ನೆ ಜೋಮು ಹಿಡಿದು, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಅದು ಬೇರೆ ರೋಗ, 2021ರಲ್ಲಿ ಎಲ್ಲರೂ ಕೇಳಿದ ಕಪ್ಪು ಫಂಗಸ್. ಅದು ಮೂಗಿನ ಪಕ್ಕದ ಸೈನಸ್‌ನಿಂದ ಕಣ್ಣಿಗೆ ಏರುತ್ತದೆ. ಆಗ ಕಣ್ಣಿನವರ ಜೊತೆಗೆ ಕಿವಿ-ಮೂಗು-ಗಂಟಲಿನ ಡಾಕ್ಟರೂ ಅದೇ ದಿನ ನೋಡಲೇಬೇಕು.