ಪುದುಚೇರಿಯ ಜುಲೈ 14 ಪ್ರವಾಸಿಗರ ಹಬ್ಬವೇ?

ಪುದುಚೇರಿಯಲ್ಲಿ ಫ್ರೆಂಚರ ಕಾಲವನ್ನು ನೆನೆಯುವ ಬೀದಿ ಹಬ್ಬವೊಂದಿದೆಯಂತೆ, ಅದು ಪ್ರವಾಸಿಗರಿಗಾಗಿ ಏರ್ಪಡಿಸುವ ಪ್ರದರ್ಶನವೇ ಎಂದು ತಾವು ಕೇಳಿದ್ದೀರಿ. ಆ ಊರಿನಲ್ಲಿ ಕೆಲಕಾಲ ನೆಲೆಸಿದ್ದ ನಾನು ಅಲ್ಲವೆಂದೇ ಹೇಳುತ್ತೇನೆ.

ಫ್ರಾನ್ಸಿನ ರಾಷ್ಟ್ರೀಯ ದಿನವಾದ ಜುಲೈ 14ರ ಮುನ್ನಾದಿನ ಸಂಜೆ, ಕಡಲತೀರದ ಹಳೆಯ ಫ್ರೆಂಚ್ ಬಡಾವಣೆಯ ಬೀದಿಗಳಲ್ಲಿ ದೀಪಗಳ ಮೆರವಣಿಗೆ ಹೊರಡುತ್ತದೆ. ದೀಪ ಹಿಡಿದು ನಡೆಯುವವರಲ್ಲಿ ಹೆಚ್ಚಿನವರು ತಮಿಳರೇ. ಎದೆಯ ಮೇಲೆ ಸಾಲಾಗಿ ಪದಕಗಳನ್ನು ಧರಿಸಿದ ವೃದ್ಧರು ಮೊಮ್ಮಕ್ಕಳೊಡನೆ ತಮಿಳಿನಲ್ಲಿ ಮಾತನಾಡುತ್ತಾ ಸಾಗುತ್ತಿದ್ದರೆ, ಕೆಂಪು ಕೆಪಿ ಟೋಪಿಯ ಪೊಲೀಸರು ಅಡ್ಡರಸ್ತೆಗಳಲ್ಲಿ ವಾಹನಗಳನ್ನು ತಡೆದು ನಿಲ್ಲಿಸಿರುತ್ತಾರೆ. ಮರುದಿನ ಗೂಬೆರ್ ಅವೆನ್ಯೂವಿನಲ್ಲಿರುವ ಯುದ್ಧ ಸ್ಮಾರಕದಲ್ಲಿ ಫ್ರೆಂಚ್ ಕಾನ್ಸುಲ್ ಜನರಲ್ ಅವರೂ ಸ್ಥಳೀಯ ಸರ್ಕಾರದ ಪ್ರತಿನಿಧಿಗಳೂ ಹೂಚಕ್ರಗಳನ್ನಿರಿಸುತ್ತಾರೆ. ಎರಡೂ ದೇಶಗಳ ರಾಷ್ಟ್ರಗೀತೆಗಳು ಮೊಳಗುತ್ತವೆ. 1938ರಲ್ಲಿ ಉದ್ಘಾಟನೆಯಾದ ಆ ಸ್ಮಾರಕ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಮಡಿದ ಫ್ರೆಂಚ್ ಇಂಡಿಯಾದವರದು.

ಮೆರವಣಿಗೆಯಲ್ಲಿ ಸಾಗುವ ಈ ತಮಿಳು ಕುಟುಂಬಗಳಲ್ಲಿ ಹಲವು ಇಂದಿಗೂ ಫ್ರೆಂಚ್ ಪ್ರಜೆಗಳಾಗಿರುವುದಕ್ಕೆ ಕಾರಣ, ಊರು ಫ್ರಾನ್ಸಿನಿಂದ ಭಾರತಕ್ಕೆ ಹಸ್ತಾಂತರವಾದ ವಿಧಾನದಲ್ಲಿದೆ. 1954ರ ನವೆಂಬರ್ 1ರಂದು ಆಡಳಿತ ಭಾರತದ ಕೈಸೇರಿತು. 1956ರಲ್ಲಿ ಸಹಿಯಾದ ಒಪ್ಪಂದ 1962ರ ಆಗಸ್ಟ್ 16ರಂದು ಜಾರಿಗೆ ಬಂದಿತು. ಫ್ರೆಂಚ್ ಪೌರತ್ವವನ್ನೇ ಉಳಿಸಿಕೊಳ್ಳಬಯಸುವವರು ಆರು ತಿಂಗಳೊಳಗೆ ಅದನ್ನು ಆಯ್ದುಕೊಳ್ಳಬಹುದೆಂದು ಒಪ್ಪಂದದಲ್ಲಿತ್ತು. ಹಾಗೆ ಆಯ್ದುಕೊಂಡವರಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದವರೂ ಅನೇಕರು. ಊರಿನವರು ಅವರನ್ನು ಇಂದಿಗೂ ಸೊಲ್ದಾ (ಫ್ರೆಂಚಿನಲ್ಲಿ ಸೈನಿಕ) ಎನ್ನುತ್ತಾರೆ. ಅವರಿಗೆ ಈ ದಿನ ಸ್ವಂತ ಮನೆಯ ಹಿರಿಯರನ್ನು ನೆನೆಯುವ ದಿನ. ಪರದೇಶದ ಆಳ್ವಿಕೆಯನ್ನು ಕೊಂಡಾಡುತ್ತಿದ್ದಾರೆಂದು ದೂರದಿಂದ ಜರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ಆದರೆ ವಸಾಹತಿನ ನೆನಪಿಗೆ ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟು ಬಂದರೆ ನೋಡಿದ್ದು ಅರ್ಧವಷ್ಟೇ. ಆದ್ದರಿಂದ ಜುಲೈ 13ರ ಮಧ್ಯಾಹ್ನದೊಳಗೆ ಊರು ಸೇರಿ ಮೆರವಣಿಗೆಯನ್ನೂ ಮರುದಿನದ ಗೌರವ ಸಮರ್ಪಣೆಯನ್ನೂ ನೋಡಿದ ಬಳಿಕ, ಪಟ್ಟಣದ ಹೊರಗಿನ ಕೀಳೂರಿಗೆ ಹೋಗಿ ಬನ್ನಿ. 1954ರ ಅಕ್ಟೋಬರ್ 18ರಂದು ಅಲ್ಲಿ ಸೇರಿದ್ದ 178 ಜನಪ್ರತಿನಿಧಿಗಳ ಪೈಕಿ 170 ಮಂದಿ ಭಾರತದೊಡನೆ ವಿಲೀನವಾಗಬೇಕೆಂದು ಮತ ನೀಡಿದರು.