ಗಾಲ್ಫ್ ಬ್ಯಾಗ್ ಹೊತ್ಕೊಂಡು ವರ್ಲ್ಡ್ ಟೂರ್ ಮಾಡ್ಬಹುದಾ?

ಪ್ರಶ್ನೆ: ಸರ್, ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿದೀನಿ, ಬೆಂಗಳೂರಲ್ಲೇ ಆಡ್ತೀನಿ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳೋ ಅಂಕಿ, ಕಮ್ಮಿ ಇದ್ದಷ್ಟೂ ಒಳ್ಳೇದು) 22. ಬರೋ ಜೂನ್‌ನಲ್ಲಿ ಮೂರು ವಾರ ಇಟ್ಕೊಂಡು ದುಬೈ, ಸ್ಕಾಟ್ಲೆಂಡ್, ಅಮೆರಿಕದ ಪೆಬಲ್ ಬೀಚ್, ಆಮೇಲೆ ಮೆಲ್ಬರ್ನ್, ಹೀಗೆ ಭೂಮಿಗೇ ಒಂದು ಸುತ್ತು ಹಾಕಿ ಬರೋಣ ಅಂತ ಆಸೆ. ನಮ್ಮನೆಯವರೂ ಬರ್ತಾರೆ, ಅವರು ಆಡಲ್ಲ. ಆಗುತ್ತಾ?
— ಓದುಗರು, ಬೆಂಗಳೂರು

ಉತ್ತರ: ದುಡ್ಡಿದ್ರೆ ಆಗುತ್ತೆ ಸರ್, ಆದ್ರೆ ಮೂರು ವಾರದಲ್ಲಿ ನಾಲ್ಕು ಕಡೆ ಅಂದ್ರೆ ಕೋರ್ಸ್‌ಗಿಂತ ಏರ್‌ಪೋರ್ಟೇ ಜಾಸ್ತಿ ನೋಡ್ತೀರ. ಜೂನ್‌ನಲ್ಲಿ ದುಬೈ 40 ಡಿಗ್ರಿ ದಾಟಿರುತ್ತೆ, ಮೆಲ್ಬರ್ನ್‌ನಲ್ಲಿ ಆಗ ಚಳಿಗಾಲ, ಸಂಜೆ ಐದೂಕಾಲಿಗೆಲ್ಲ ಕತ್ತಲಾಗೋಕೆ ಶುರು. ಪೆಬಲ್ ಬೀಚ್‌ನಲ್ಲಿ ಒಂದು ರೌಂಡ್‌ಗೇ 600 ಡಾಲರ್ ಮೇಲೆ, ಅದೂ ಅವರದ್ದೇ ರೆಸಾರ್ಟ್‌ನಲ್ಲಿ ಉಳ್ಕೊಳ್ಳದೇ ಇದ್ರೆ ತಿಂಗಳುಗಟ್ಲೆ ಮೊದಲೇ ಬುಕಿಂಗ್ ಸಿಗೋದು ಕಷ್ಟ. ಮೂರನ್ನೂ ಬಿಟ್ಬಿಡಿ ಅಂತೀನಿ. ಸ್ಕಾಟ್ಲೆಂಡ್ ಒಂದೇ ಮಾಡಿ, ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತೆ.

ಅಲ್ಲೂ ಎಲ್ಲ ಪ್ಲಾನ್ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಸುತ್ತಲೇ ಮಾಡ್ಬೇಕು. ಅದು ಯಾವ ಶ್ರೀಮಂತರ ಕ್ಲಬ್‌ದೂ ಅಲ್ಲ, ಊರಿನ ಜಾಗ, ಲಿಂಕ್ಸ್ ಟ್ರಸ್ಟ್‌ನೋರು ನೋಡ್ಕೋತಾರೆ, ಯಾರು ಬೇಕಾದ್ರೂ ಆಡ್ಬಹುದು, ಆದ್ರೆ ಟೀ ಟೈಮ್, ಅಂದ್ರೆ ಆಟ ಶುರು ಮಾಡೋಕೆ ಸಮಯ, ಸಿಗೋದೇ ಸಾಹಸ. ಎರಡು ದಿನ ಮುಂಚೆ ಬ್ಯಾಲೆಟ್‌ಗೆ ಹೆಸರು ಕೊಡ್ಬೇಕು, ಲಾಟರಿ ಥರ ಎತ್ತುತಾರೆ, ಆದ್ರೆ ಅದಕ್ಕೆ ಕಮ್ಮಿ ಅಂದ್ರೂ ಇಬ್ಬರು ಆಟಗಾರರು ಬೇಕು. ಅಮ್ಮಾವ್ರು ಆಡಲ್ಲ ಅಂದ್ರಲ್ಲ, ನಿಮಗೆ ಆ ದಾರಿ ಮುಚ್ಚಿತು. ಒಂಟಿ ಆಟಗಾರರಿಗೆ ಬೇರೆ ಡ್ರಾ ಇದೆ, ಹಿಂದಿನ ದಿನ ಖುದ್ದಾಗಿ ಹೋಗಿ ಹೆಸರು ಬರೆಸ್ಬೇಕು. ಮುಂಚೆ ಇದಕ್ಕೇ ಜನ ನಡುರಾತ್ರಿಯಿಂದ ಚಳೀಲಿ ಕ್ಯೂ ನಿಲ್ತಿದ್ರು, 2024ರಿಂದ ಆ ಕಾಟ ತಪ್ಪಿದೆ. ಇಷ್ಟಾದ್ರೂ ಹೆಸರು ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅದಕ್ಕೇ ಒಂದಿಡೀ ವಾರ ಅದೇ ಊರಲ್ಲಿ ರೂಮ್ ಮಾಡಿ, ದಿನಾ ಹೆಸರು ಕೊಡ್ತಾ ಇರಿ, ನಡುವೆ ನ್ಯೂ ಕೋರ್ಸ್, ಜುಬಿಲಿ, ಕಾಸಲ್ ಕೋರ್ಸ್ ಆಡ್ಕೊಳ್ಳಿ. ನಿಮ್ಮ ಕ್ಲಬ್‌ನಿಂದ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಮರೀಬೇಡಿ, 22ಕ್ಕೆ ತೊಂದರೆ ಇಲ್ಲ. ಓಲ್ಡ್ ಕೋರ್ಸ್‌ಗೆ ಸೀಸನ್‌ನಲ್ಲಿ ಫೀ 300 ಪೌಂಡ್ ಮೇಲೆ, ಬ್ಯಾಗ್ ಹೊತ್ಕೊಂಡು ದಾರಿ ಹೇಳೋ ಕ್ಯಾಡಿ ಖರ್ಚು ಬೇರೆ. ಬಗ್ಗಿ (ಆಟಗಾರರು ಕೂತ್ಕೊಂಡು ಹೋಗೋ ಪುಟ್ಟ ಗಾಡಿ) ಕೊಡಲ್ಲ, ನಡೀಬೇಕು.

ಕ್ಯಾಡಿ ಮಾತ್ರ ತಗೊಳ್ಳಿ ಸರ್, ಜುಗ್ಗತನ ಮಾಡ್ಬೇಡಿ. ಅಲ್ಲಿ 18 ಹೋಲ್‌ಗೆ ಗ್ರೀನ್ (ಗುಂಡಿ, ಬಾವುಟ ಇರೋ ನುಣುಪು ಹುಲ್ಲಿನ ಜಾಗ) ಇರೋದು 11 ಮಾತ್ರ, 14 ಹೋಲ್‌ಗಳು ಜೋಡಿ ಜೋಡಿಯಾಗಿ ಗ್ರೀನ್ ಹಂಚ್ಕೊಂಡಿವೆ, ಎರಡನೇದು ಹದಿನಾರರ ಜೊತೆ, ಮೂರನೇದು ಹದಿನೈದರ ಜೊತೆ, ಕೂಡಿದ್ರೆ ಯಾವಾಗಲೂ 18. ಹೊಸಬರು ಬೇರೆ ಬಾವುಟ ನೋಡ್ಕೊಂಡು ಹೊಡೆದು ಪೆಚ್ಚಾಗ್ತಾರೆ. ಹದಿನೇಳರಲ್ಲಂತೂ ಹೋಟೆಲ್ ಪಕ್ಕದ ಶೆಡ್ ಮೇಲಿಂದಲೇ ಟೀ ಶಾಟ್, ಅಂದ್ರೆ ಮೊದಲ ಏಟು, ಹಾರಿಸ್ಬೇಕು, ಚೆಂಡು ಬೀಳ್ಬೇಕಾದ ಫೇರ್‌ವೇ ಕಣ್ಣಿಗೇ ಬೀಳಲ್ಲ. ಅದು ದಾಟಿದ್ರೆ ಗ್ರೀನ್ ಪಕ್ಕದಲ್ಲಿ ರೋಡ್ ಬಂಕರ್ ಅನ್ನೋ ಮರಳಿನ ಗುಂಡಿ ಕಾಯ್ತಾ ಇರುತ್ತೆ. 1978ರ ಓಪನ್ ಟೂರ್ನಿಯಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲಿಂದ ಪಟ್ ಮಾಡಿದ ಚೆಂಡು ಉರುಳ್ಕೊಂಡು ಹೋಗಿ ಅದರೊಳಗೆ ಬಿತ್ತು, ಆಚೆ ತೆಗೆಯೋಕೆ ನಾಲ್ಕು ಏಟು, ಒಟ್ಟು 9! ನೀವು 7 ಹೊಡೆದ್ರೆ ಬೇಜಾರು ಮಾಡ್ಕೋಬೇಡಿ.

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟ ಇರಲ್ಲ, ಊರೋರೆಲ್ಲ ನಾಯಿ ಕರ್ಕೊಂಡು ಅದರ ಮೇಲೇ ವಾಕಿಂಗ್ ಹೋಗ್ತಾರೆ, ಅವತ್ತು ಅಮ್ಮಾವ್ರನ್ನ ಕರ್ಕೊಂಡು ಸ್ವಿಲ್ಕನ್ ಸೇತುವೆ ಮೇಲೆ ಫೋಟೋ ತೆಗೆಸ್ಕೊಳ್ಳಿ, ಫೀ ಇಲ್ಲ. ಯುಕೆ ವೀಸಾಗೆ ಹೊರಡೋ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕ್ಬಹುದು, ಮೇ ತನಕ ಕಾಯ್ತಾ ಕೂರ್ಬೇಡಿ.

ಪ್ರಶ್ನೆ: ಸ್ವಂತ ಕ್ಲಬ್‌ಗಳನ್ನ (ಗಾಲ್ಫ್ ಕೋಲುಗಳನ್ನ) ಫ್ಲೈಟ್‌ನಲ್ಲಿ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ?
— ಓದುಗರು, ಮೈಸೂರು

ಉತ್ತರ: ಎರಡು ಮೂರು ರೌಂಡ್ ಅಷ್ಟೇ ಆದ್ರೆ ಬಾಡಿಗೆ ಸಾಕು. ಒಯ್ಯೋದಾದ್ರೆ ಡ್ರೈವರ್‌ಗಿಂತ (ಸೆಟ್‌ನಲ್ಲಿ ಎಲ್ಲಕ್ಕಿಂತ ಉದ್ದದ ಕ್ಲಬ್) ಉದ್ದ ಇರೋ ಗಟ್ಟಿ ಕೋಲೊಂದನ್ನ ಬ್ಯಾಗ್ ಮಧ್ಯೆ ನಿಲ್ಲಿಸಿ, ಬ್ಯಾಗ್ ತಲೆಕೆಳಗಾಗಿ ಬಿದ್ರೆ ಪೆಟ್ಟು ಆ ಕೋಲಿಗೆ ಬೀಳುತ್ತೆ, ಕ್ಲಬ್‌ನ ಶಾಫ್ಟ್ (ಉದ್ದನೆ ದಂಡ) ಉಳಿಯುತ್ತೆ. ಕ್ಲಬ್ ಹೆಡ್‌ಗಳಿಗೆ ಹಳೇ ಟವೆಲ್ ಸುತ್ತಿ. ದೂರ ಅಳೆಯೋ ರೇಂಜ್‌ಫೈಂಡರ್‌ನ ಸ್ಪೇರ್ ಬ್ಯಾಟರಿ ಕ್ಯಾಬಿನ್ ಬ್ಯಾಗ್‌ನಲ್ಲಿಡಿ, ಚೆಕ್-ಇನ್‌ಗೆ ಹಾಕೋ ಹಾಗಿಲ್ಲ. ಮಳೆ ಜಾಕೆಟ್ ಮಾತ್ರ ಒಳ್ಳೇದೇ ತಗೊಳ್ಳಿ.

ಪ್ರಶ್ನೆ: ಮಗ ಎಡಿನ್‌ಬರೋದಲ್ಲಿದಾನೆ, ಬೇಸಿಗೇಲಿ ಹೋಗ್ತಿದೀನಿ. ಗಾಲ್ಫ್ ಕೋಲು ಹಿಡಿದೇ ಗೊತ್ತಿಲ್ಲ, ಒಂದ್ಸಲ ಆಡಿ ನೋಡ್ಬಹುದಾ?
— ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಆಡಿ ಅಮ್ಮ. ಸೇಂಟ್ ಆಂಡ್ರ್ಯೂಸ್‌ಗೇ ಹೋಗಿ, ಎಡಿನ್‌ಬರೋದಿಂದ ಲೂಕರ್ಸ್ ಸ್ಟೇಷನ್ ತನಕ ರೈಲು, ಸುಮಾರು ಒಂದು ಗಂಟೆ, ಅಲ್ಲಿಂದ ಬಸ್, ಆ ಊರಿಗೆ ರೈಲಿಲ್ಲ. ಓಲ್ಡ್ ಕೋರ್ಸ್ ಪಕ್ಕದಲ್ಲೇ ಹಿಮಾಲಯಾಸ್ ಅಂತ ಉಬ್ಬುತಗ್ಗಿನ ಪಟಿಂಗ್ ಗ್ರೀನ್ (ಚೆಂಡನ್ನ ಮೆಲ್ಲಗೆ ತಳ್ಳಿ ಗುಂಡಿಗೆ ಹಾಕೋ ಜಾಗ) ಇದೆ, 1867ರಿಂದ ಇರೋ ಹೆಂಗಸರ ಕ್ಲಬ್ ನಡೆಸೋದು. ಹೊರಗಿನವರಿಗೂ ಬಿಡ್ತಾರೆ, ಪಟರ್, ಚೆಂಡು ಅಲ್ಲೇ ಕೊಡ್ತಾರೆ, ಕೆಲವೇ ಪೌಂಡ್ ಅಷ್ಟೇ. ಮಗನನ್ನೂ ಕರ್ಕೊಂಡು ಹೋಗಿ, ಸೋತೋರು ಐಸ್‌ಕ್ರೀಮ್ ಕೊಡಿಸ್ಲಿ.